ಪ್ಲೂಟೊವನ್ನು ತೂಗಿದ ಕೆಟ್ಟ ಫೋಟೊ

ಕೈ ಅಲುಗಾಡಿದ ಫೋಟೊನ ನಾವೆಲ್ಲ ಡಿಲೀಟ್ ಮಾಡ್ತೀವಲ್ಲ, ಇವತ್ತಿನ ಕಥೆ ಹಾಗೆ ಕಸಕ್ಕೆ ಹೋಗಬಹುದಾಗಿದ್ದ ಕೆಲವು ಫೋಟೊಗಳದ್ದು.

1978ರ ಜೂನ್ 22. ವಾಷಿಂಗ್ಟನ್‌ನಲ್ಲಿರೋ ಅಮೆರಿಕದ ನೌಕಾ ವೀಕ್ಷಣಾಲಯ. ಜೇಮ್ಸ್ ಕ್ರಿಸ್ಟಿ ಅನ್ನೋ ಖಗೋಳ ವಿಜ್ಞಾನಿ ಪ್ಲೂಟೊದ ಫೋಟೊ ಪ್ಲೇಟ್‌ಗಳನ್ನ ಅಳೀತಾ ಕೂತಿದ್ದರು. ಪ್ಲೂಟೊದ ಕಕ್ಷೆಯನ್ನು ಇನ್ನಷ್ಟು ನಿಖರವಾಗಿ ಲೆಕ್ಕ ಹಾಕಬೇಕಿತ್ತು, ಅಷ್ಟೇ. ಆದರೆ ಕೆಲವು ಪ್ಲೇಟ್‌ಗಳಲ್ಲಿ ಪ್ಲೂಟೊ ದುಂಡಗಿಲ್ಲ. ಒಂದು ಕಡೆ ಉಬ್ಬಿದೆ. ದೂರದರ್ಶಕ ಅಲುಗಾಡಿರಬೇಕು ಅಂತ ಯಾರಾದ್ರೂ ಪಕ್ಕಕ್ಕಿಡ್ತಿದ್ದರು.

ಕ್ರಿಸ್ಟಿ ಮಾತ್ರ ಅದೇ ಪ್ಲೇಟಿನ ನಕ್ಷತ್ರಗಳನ್ನ ನೋಡಿದರು. ಅವೆಲ್ಲ ದುಂಡಗೇ ಇದ್ದವು! ದೂರದರ್ಶಕ ಅಲುಗಾಡಿದ್ದರೆ ಅವೂ ಉಬ್ಬಬೇಕಿತ್ತಲ್ಲ? ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಕ್ಷಣ ಇದು. ಹಳೇ ಪ್ಲೇಟ್‌ಗಳನ್ನ ತೆಗೆದರೆ 1965ರಲ್ಲೂ ಉಬ್ಬು, 1970ರಲ್ಲೂ ಉಬ್ಬು. ಸಹೋದ್ಯೋಗಿ ರಾಬರ್ಟ್ ಹ್ಯಾರಿಂಗ್ಟನ್ ಜೊತೆ ಲೆಕ್ಕ ಹಾಕಿದಾಗ ಉಬ್ಬು 6.39 ದಿನಕ್ಕೊಂದು ಸುತ್ತು ಬರ್ತಿದೆ ಅಂತ ಗೊತ್ತಾಯ್ತು. ಪ್ಲೂಟೊ ತನ್ನ ಸುತ್ತ ತಿರುಗೋಕೆ ತಗೊಳ್ಳೋ ಸಮಯವೂ ಅಷ್ಟೇ. ಅದು ಪ್ಲೂಟೊದ ಚಂದ್ರ!

ಚಂದ್ರ ಸಿಕ್ಕರೆ ತಕ್ಕಡಿ ಸಿಕ್ಕ ಹಾಗೆ. ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೆ ಸುತ್ತುತ್ತೆ ಅಂತ ಗೊತ್ತಾದರೆ ಆ ಜೋಡಿಯ ತೂಕ ಲೆಕ್ಕಕ್ಕೆ ಸಿಗುತ್ತೆ. ಯುರೇನಸ್ ದಾರಿ ತಪ್ಪಿಸುತ್ತಿರೋ ದೊಡ್ಡ ಗ್ರಹ ಒಂದಿದೆ ಅನ್ನೋ ನಂಬಿಕೆಯಿಂದ ಶುರುವಾದ ಹುಡುಕಾಟದಲ್ಲೇ 1930ರಲ್ಲಿ ಕ್ಲೈಡ್ ಟಾಂಬೊಗೆ ಪ್ಲೂಟೊ ಸಿಕ್ಕಿದ್ದು. ಅದು ಭೂಮಿಯಷ್ಟು ಭಾರ ಇರಬಹುದು ಅಂತಾನೂ ಅಂದಾಜಿತ್ತು. ತೂಗಿ ನೋಡಿದರೆ ಭೂಮಿಯ ಸುಮಾರು ಐನೂರರಲ್ಲಿ ಒಂದು ಪಾಲು. ನಮ್ಮ ಚಂದ್ರನಿಗಿಂತಲೂ ಹಗುರ! ಇಷ್ಟು ಸಣ್ಣದು ಯುರೇನಸ್ಸನ್ನ ಎಲ್ಲಿ ಎಳೆಯುತ್ತೆ? ಅಂದರೆ, ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಎಲ್ಲರೂ ತಕ್ಷಣ ಒಪ್ಪಲಿಲ್ಲ. 1985ರಿಂದ ಈ ಜೋಡಿ ಒಂದನ್ನೊಂದು ಮರೆಮಾಡೋದು ಭೂಮಿಯಿಂದ ಕಾಣತೊಡಗಿತು, ಅನುಮಾನ ಹೋಯ್ತು. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಪಕ್ಕದಲ್ಲೇ ಹಾದುಹೋದಾಗ ಆ ಉಬ್ಬು 1,212 ಕಿಲೋಮೀಟರ್ ಅಗಲದ, ಕಣಿವೆಗಳಿರೋ ಒಂದು ಲೋಕವಾಗಿ ಕಂಡಿತು.

ಹೆಸರು? ಕ್ರಿಸ್ಟಿ ಅವರ ಹೆಂಡತಿ ಶಾರ್ಲೀನ್. ಮನೆಯಲ್ಲಿ ಕರೆಯೋದು 'ಶಾರ್' ಅಂತ. ಅದಕ್ಕೊಂದು 'ಆನ್' ಸೇರಿಸಿದರು. ಆಮೇಲೆ ನೋಡಿದರೆ, ಗ್ರೀಕ್ ಪುರಾಣದಲ್ಲಿ ಸತ್ತವರನ್ನ ನದಿ ದಾಟಿಸೋ ಅಂಬಿಗನ ಹೆಸರೂ ಅದೇ! ಅಂಬಿಗನ ಲೆಕ್ಕದಲ್ಲಿ 'ಕೇರನ್' ಅನ್ನೋರು ಈಗಲೂ ಇದ್ದಾರೆ. ನಾನು ಶಾರ್ಲೀನ್ ಕಡೆ. 'ಶಾರನ್' ಅಂತಲೇ ಅಂತೀನಿ.