ಲೈಸೆನ್ಸ್ ಸಿಕ್ಕರೆ ಸಾಕೇ?

ಮೊನ್ನೆ ತಿಕೋಟಾದಿಂದ ಮಾವನ ಫೋನು. "ದ್ರಾಕ್ಷಿ ತ್ವಾಟ ಅಡಾ ಇಟ್ಟು ಮಗನ್ನ ಪೈಲಟ್ ಮಾಡ್ತೀನಿ. ದುಬೈದಾಗ ನೌಕರಿ ಸಿಗ್ತದಲ್ಲ?" 2024ರಲ್ಲಿ ವಿಜಯಪುರದ ಸಮೈರಾ ಹುಲ್ಲೂರ 18ನೇ ವಯಸ್ಸಿಗೇ ಪೈಲಟ್ ಲೈಸೆನ್ಸ್ ಪಡೆದ ಸುದ್ದಿ ಓದಿದ್ದರಂತೆ.

ನಾನು ಕೋಡ್ ಬರೆಯುವವನು, ವಿಮಾನ ಹಾರಿಸಿದವನಲ್ಲ. ಆದರೆ ಇದಕ್ಕೆ ಉತ್ತರ ಇತಿಹಾಸದಲ್ಲೇ ಇದೆ.

2003ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಅಗ್ಗದ ಟಿಕೆಟ್ ತಂದಿತು. ಹೊಸ ಹೊಸ ಕಂಪನಿಗಳು ಬಂದವು, ಕ್ಯಾಪ್ಟನ್‌ಗಳೇ ಸಾಲದೆ ವಿದೇಶಿಯರನ್ನು ಕರೆಸಿಕೊಂಡರು. ಹುಡುಗರು ಸಾಲ ಮಾಡಿ ಪೈಲಟ್ ಕೋರ್ಸಿಗೆ ಸೇರಿದರು. 2008ರ ಹಿಂಜರಿತದಲ್ಲಿ ಅವರಲ್ಲಿ ಎಷ್ಟೋ ಜನ ಲೈಸೆನ್ಸ್ ಹಿಡಿದು ಮನೆಯಲ್ಲೇ ಕೂತರು. 2012ರಲ್ಲಿ ಕಿಂಗ್‌ಫಿಶರ್ ನಿಂತಾಗ ಕೊಲ್ಲಿ ದೇಶಗಳ ಬಾಗಿಲು ತೆರೆದದ್ದು ಸಾವಿರಾರು ಗಂಟೆ ಜೆಟ್ ಹಾರಿಸಿದ್ದವರಿಗೆ.

ಲೆಕ್ಕ ಇಷ್ಟೇ: ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸಿಗೆ 1500 ಗಂಟೆ. ಹೊರದೇಶದವರು ಕೇಳುವುದು ಸಾಮಾನ್ಯವಾಗಿ ಅದಕ್ಕೂ ಹೆಚ್ಚು, ಅದೂ ದೊಡ್ಡ ಜೆಟ್‌ನಲ್ಲಿ. ನೌಕರಿಯಿಲ್ಲದೆ ಗಂಟೆ ಕೂಡದು, ಗಂಟೆಯಿಲ್ಲದೆ ನೌಕರಿ ಸಿಗದು!

"ಮಾವ, ಕಲಿಸ್ರಿ. ಆದ್ರ ಮೊದಲ ಇಲ್ಲೇ ನೌಕರಿ, ಆಮ್ಯಾಲ ದುಬೈ. ಅಲ್ಲೀತನಕ ಬಡ್ಡಿ ಕಟ್ಟೂದಾದ್ರ ಮಾತ್ರ ತ್ವಾಟ ಅಡಾ ಇಡ್ರಿ" ಅಂದೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ.