ಎಲಿಜಬೇತಳ ಮನೆಯಿಂದ ಮಳವಳ್ಳಿಯ ಮನೆಗಳವರೆಗೆ



ಮೇ 31ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬವನ್ನು ಆಚರಿಸುತ್ತದೆ. ಆರು ತಿಂಗಳ ಗರ್ಭಿಣಿ ಎಲಿಜಬೇತಳ ಮನೆಗೆ ಮರಿಯಮ್ಮನವರು ತಾವೇ ನಡೆದು ಹೋದರು. ಸುಮಾರು ಮೂರು ತಿಂಗಳು ಜೊತೆಗಿದ್ದರು ಎನ್ನುತ್ತದೆ ಸಂತ ಲೂಕರ ಶುಭಸಂದೇಶ. ತಾಯಿಯ ಬಳಿಗೆ ನಾವೇ ಹೋಗಬೇಕೆಂಬ ಈ ಪಾಠವನ್ನು ನಮ್ಮ ಸೀಮೆ ನಿಧಾನವಾಗಿ ಕಲಿಯಿತು.

1930ರ ದಶಕದಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ಮದ್ದೂರಿಗೆ ದೂರವಲ್ಲದ ಇಂದಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ, ಮೊದಲ ಹಂತದಲ್ಲಿಯೇ ಮಳವಳ್ಳಿಯ ನೆರೆಯ ತಿ. ನರಸೀಪುರಕ್ಕೆ ಸ್ಥಾನ ದೊರೆಯಿತು. ಬಾಣಂತಿಗೆ ತಿಳಿಹೇಳುವ ಕೆಲಸ ಊರಿನ ಹೆಣ್ಣುಮಗಳ ಕೈಗೆ ಬಂತು.

ಆದರೆ ಹೇಳುವವರೂ ಕಲಿಯಬೇಕಿತ್ತು. ಹೆರಿಗೆಯ ನಂತರದ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವ ರೂಢಿ ಅನೇಕ ಮನೆಗಳಲ್ಲಿತ್ತು. ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಆ ಹಾಲು. ಅಜ್ಜಿಯ ಕಾಲದ ರೂಢಿ ಬರೀ ಉಪದೇಶದಿಂದ ಬಿಟ್ಟುಹೋಗುವುದಿಲ್ಲ.

1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 40 ಗಂಟೆಗಳ ತರಬೇತಿಯೊಂದನ್ನು ರೂಪಿಸಿದವು. ಮೊದಲು ತಾಯಿಯ ಮಾತು ಕೇಳು, ಅವಳು ಸರಿಯಾಗಿ ಮಾಡುತ್ತಿರುವುದನ್ನು ಮೆಚ್ಚು, ಮಗು ಬಾಯಿ ಅಗಲಿಸಿ ಎದೆ ಹಿಡಿದಿದೆಯೇ ನೋಡು, ಆಮೇಲೆ ಸಲಹೆ ಕೊಡು ಎಂಬುದು ಅದರ ತಿರುಳು. ‘ಹಾಲು ಸಾಲದು’ ಎಂಬ ಭಯ ಎಷ್ಟೋ ಸಲ ನೀಗುವುದು ಹೀಗೆಯೇ. ನಾಲ್ಕರಿಂದ ಆರು ತಿಂಗಳು ಎಂದಿದ್ದ ಸಲಹೆ 2001ರಲ್ಲಿ ಪೂರ್ತಿ ಆರು ತಿಂಗಳಾಯಿತು: ಅಲ್ಲಿಯವರೆಗೆ ನೀರೂ ಬೇಡ, ತಾಯಿಯ ಹಾಲು ಸಾಕು. ಕಲಿತವರು ಮತ್ತೆ ಕಲಿತರು.

2005ರಲ್ಲಿ ಆಶಾ ಯೋಜನೆ ಬಂತು. 2011ರಿಂದ ಆಶಾ ಕಾರ್ಯಕರ್ತೆ, ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನಗಳಂದು ಹೋಗಬೇಕೆಂಬ ನಿಯಮವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಈ ಸಂದರ್ಶನ ಅವಳ ಪಾಲಿನದು.

ಪ್ರಿಯರೇ, ಅವಳು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳುಹಿಸಬೇಡಿ. ಅತ್ತೆಯಂದಿರೂ ಗಂಡಂದಿರೂ ಜೊತೆಗೆ ಕುಳಿತು ಕೇಳಲಿ. ಬಾಣಂತಿಯನ್ನು ಕಬ್ಬಿನ ಗದ್ದೆಗೆ ಬೇಗ ಕಳುಹಿಸಿದರೆ, ಅವಳು ಕಲಿತದ್ದು ಕೂಸಿನ ಹೊಟ್ಟೆ ತುಂಬಿಸದು. ಹಾಲೂಡಿಸುವ ತಾಯಿಗೆ ಹೊತ್ತಿಗೆ ಸರಿಯಾದ ಊಟ, ಒಂದಿಷ್ಟು ಬಿಡುವು ಸಿಗಲಿ. ಎಲಿಜಬೇತಳ ಮನೆಯನ್ನು ಸಂತೋಷದಿಂದ ತುಂಬಿದ ಮಾತೆ ಮರಿಯಮ್ಮನವರು ನಮ್ಮ ಬಾಣಂತಿಯರಿಗಾಗಿಯೂ, ಅವರ ಬಾಗಿಲಿಗೆ ಬರುವ ಸೇವಕಿಯರಿಗಾಗಿಯೂ ಪ್ರಾರ್ಥಿಸಲಿ.