ಗಾರ್ಕಿಯ ‘ತಾಯಿ’: ಕಾರ್ಖಾನೆ, ಮಗ್ಗ, ಹೊಸೂರು ರಸ್ತೆ

ಮಾಕ್ಸಿಂ ಗಾರ್ಕಿಯ ‘ತಾಯಿ’ಯಲ್ಲಿ ಜಗಳ ಹತ್ತಿಕೊಳ್ಳುವುದು ಒಂದು ಕೊಪೆಕ್‌ನಿಂದ. ಕಾರ್ಖಾನೆಯ ಹಿಂದಿನ ಜೌಗು ಒಣಗಿಸಲು ಆಡಳಿತವು ರೂಬಲ್‌ಗೊಂದು ಕೊಪೆಕ್‌ನಂತೆ ಕೂಲಿ ಮುರಿದುಕೊಳ್ಳಲು ಹೊರಡುತ್ತದೆ. ಎಲ್ಲವೂ ಕಾರ್ಮಿಕರ ಆರೋಗ್ಯಕ್ಕಾಗಿಯೇ ಎನ್ನುತ್ತದೆ. ಸೊರ್ಮೊವೊ ಊರಿನ 1902ರ ಮೇ ದಿನದ ಮೆರವಣಿಗೆಯಿಂದ ಪ್ರೇರಣೆ ಪಡೆದ ಈ ಕಾದಂಬರಿಯನ್ನು 1932ರಲ್ಲಿ ಬರ್ಲಿನ್‌ನಲ್ಲಿ ರಂಗಕ್ಕೆ ತಂದ ಜರ್ಮನ್ ನಾಟಕಕಾರ ಬ್ರೆಕ್ಟ್, ಕಥೆಯನ್ನು 1917ರ ಕ್ರಾಂತಿಯವರೆಗೂ ಬೆಳೆಸಿದ. ಹಿಟ್ಲರ್ ಅಧಿಕಾರಕ್ಕೇರಲು ಆಗ ಒಂದು ವರ್ಷವಷ್ಟೇ ಬಾಕಿ. ರಷ್ಯದ ಕಥೆ ಜರ್ಮನಿಯ ಕಾರ್ಮಿಕರ ಮುಂದಿನ ಪ್ರಶ್ನೆಯಾಯಿತು.

ನಿರಂಜನರ ಅನುವಾದದಿಂದ ಕನ್ನಡದ ಓದುಗರಿಗೆ ಪರಿಚಿತಳಾಗಿದ್ದ ಈ ತಾಯಿಯನ್ನು ರಂಗಕ್ಕೆ ತಂದವರು ನಿರ್ದೇಶಕ ಪ್ರಸನ್ನ. ತುರ್ತುಪರಿಸ್ಥಿತಿ ಹೇರಲಾದ 1975ರಲ್ಲೇ ಹುಟ್ಟಿದ ‘ಸಮುದಾಯ’ ತಂಡದ ‘ತಾಯಿ’ಯಲ್ಲಿ ಎದುರಾಳಿ ಯಾರೆಂಬ ಗೊಂದಲವಿರಲಿಲ್ಲ: ಮಾಲೀಕ, ಪೊಲೀಸು, ಪ್ರಭುತ್ವ. ಕಾರ್ಖಾನೆಯೆಂದರೆ ಶೋಷಣೆಯ ಜಾಗ, ಜೊತೆಗೆ ಸಂಘಟನೆಯ ಜಾಗವೂ ಹೌದು. ಬೆಂಗಳೂರಿನಲ್ಲಿ ಆ ನಂಬಿಕೆಗೆ ನೆಲೆಯಿತ್ತು. 1980-81ರಲ್ಲಿ ಎಚ್ಎಎಲ್, ಬಿಇಎಲ್, ಐಟಿಐ, ಎಚ್ಎಂಟಿ, ಬಿಇಎಂಎಲ್ ನೌಕರರ ಮುಷ್ಕರ ಎರಡು ತಿಂಗಳಿಗೂ ಮೀರಿ ನಡೆಯಿತು.

ಆಮೇಲೆ ಪ್ರಸನ್ನ ಅವರ ದಾರಿಯೇ ತಿರುಗಿತು. ತೊಂಬತ್ತರ ದಶಕದಲ್ಲಿ ಅವರು ಹೆಗ್ಗೋಡಿನ ಬಳಿ ‘ಚರಕ’ ಕೈಮಗ್ಗ ಸಹಕಾರ ಸಂಘ ಕಟ್ಟಿದರು. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಉತ್ಪನ್ನಗಳಿಗೆ ತೆರಿಗೆಯೇ ಕೂಡದೆಂದು ಗ್ರಾಮ ಸೇವಾ ಸಂಘದ ಮೂಲಕ ಸತ್ಯಾಗ್ರಹಕ್ಕಿಳಿದರು. ಗಾರ್ಕಿಯನ್ನು ಆಧರಿಸಿದ ಅವರ ‘ತಾಯವ್ವ’ ಈ ಹೊಸ ಕಾಳಜಿಯ ನಾಟಕ. ಸಮಾಜವಾದಿ ಸಾಹಿತ್ಯ ಯಾವ ಯಂತ್ರವನ್ನು ಭವಿಷ್ಯವೆಂದು ಎಣಿಸಿತ್ತೋ, ಅದೇ ಯಂತ್ರನಾಗರಿಕತೆ ಇಲ್ಲಿ ಕಟಕಟೆಯಲ್ಲಿ ನಿಂತಿದೆ. ಮಾರ್ಕ್ಸ್ ಬಿಟ್ಟುಕೊಟ್ಟ ಜಾಗಕ್ಕೆ ಗಾಂಧಿ ಬಂದಿದ್ದಾರೆ.

ಆದರೆ ಕಾರ್ಖಾನೆ ಎಲ್ಲಿಗೂ ಹೋಗಿಲ್ಲ. ಬೊಮ್ಮನಹಳ್ಳಿಯಿಂದ ಬೊಮ್ಮಸಂದ್ರದ ಕಡೆಗೆ ಹೊಸೂರು ರಸ್ತೆ ಹಿಡಿದರೆ ಕಣ್ಣಿಗೆ ಬೀಳುವುದು ಶಿಫ್ಟಿನ ಬಸ್ಸುಗಳೇ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆಯಾಗಿ ಇದೇ ರಸ್ತೆಗಿಳಿದರು. ಮರುದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಕಾರ್ಮಿಕರ ಒಳಿತಿಗೆಂದೇ ಅವರ ದುಡ್ಡು ಹಿಡಿದಿಡುವ ವಾದದಲ್ಲಿ ಜೌಗಿನ ಕೊಪೆಕ್‌ನ ವಾಸನೆಯಿದೆ.

ಈ ಹೋಲಿಕೆಯನ್ನು ರಂಗಕ್ಕೆ ತರುವವರಿಗೆ ಒಂದು ತೊಡಕು ಎದುರಾಗುತ್ತದೆ. ಗಾರ್ಕಿಯಲ್ಲಿ ಕಾರ್ಮಿಕ ಮಗ ಪಾವೆಲ್. ತಾಯಿ ನಿಲೊವ್ನಾ ಹೊರಗಿನವಳು; ಊಟ ಮಾರುವ ನೆಪದಲ್ಲಿ ಕರಪತ್ರ ಒಳಗೊಯ್ಯಲು ಅವಳಿಗೆ ಸಾಧ್ಯವಾಗುವುದೂ ಅದರಿಂದಲೇ. ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮುಂದೆ ಕೂತಿರುವವಳೇ ತಾಯಿ. ಅಲ್ಲಿಗೆ ಈ ಕಥೆಯನ್ನು ಒಯ್ಯುವ ನಿರ್ದೇಶಕರು ಪಾವೆಲ್‌ನ ಮಾತುಗಳನ್ನು ಅವಳ ಬಾಯಿಗೇ ಕೊಡಬೇಕಾಗುತ್ತದೆ, ಮಗನಿಗೆ ಬೇರೆಯೇ ಪಾತ್ರ ಹುಡುಕಬೇಕಾಗುತ್ತದೆ.